ಯುವನಿಧಿಯ ಮೂರು ಸಾವಿರದಲ್ಲಿ ಖಜಾನೆಗೆ ಮರಳುವುದೆಷ್ಟು?

‘ಕೆಲಸವಿಲ್ಲದೆ ಕುಳಿತವರಿಗೆ ನಮ್ಮ ತೆರಿಗೆ ಹಣ ಹಂಚುತ್ತಿದ್ದಾರೆ’ ಎಂಬ ಮಾತು, ನಿರುದ್ಯೋಗಿ ಪದವೀಧರರಿಗೆ ರಾಜ್ಯ ಸರ್ಕಾರ ಭತ್ಯೆ ಕೊಡುವ ಯುವನಿಧಿ ಯೋಜನೆ ಶುರುವಾದ ದಿನದಿಂದ ನಿಂತಿಲ್ಲ. ಕಲಬುರಗಿಯಲ್ಲಿ ಈ ಮಾತು ಬೇರೆ ಊರುಗಳಿಗಿಂತ ಹೆಚ್ಚು ಚುಚ್ಚುತ್ತದೆ. ಅಫಜಲಪುರ, ಜೇವರ್ಗಿ, ಚಿಂಚೋಳಿ, ಆಳಂದ, ಪಕ್ಕದ ಯಾದಗಿರಿಯ ಶಹಾಪುರ, ಸುರಪುರಗಳಿಂದ ಬಂದು, ಇಬ್ಬರು ಮೂವರು ಸೇರಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಪದವೀಧರರು ಈ ಊರಿನ ಓಣಿ ಓಣಿಗಳಲ್ಲಿದ್ದಾರೆ. ಬೆಳಗ್ಗೆ ಗ್ರಂಥಾಲಯದ ಬಾಗಿಲು ತೆಗೆಯುವ ಮೊದಲೇ ಬಂದು ಜಾಗ ಹಿಡಿಯುವವರು ಇವರೇ. ಇವರನ್ನು ‘ಕುಳಿತವರು’ ಎನ್ನುವವರು ಇವರ ದಿನಚರಿಯನ್ನು ನೋಡಿದಂತಿಲ್ಲ.

ಆ ಮಾತಿನ ಹಿಂದೆ ಒಂದು ನಂಬಿಕೆ ಇದೆ. ತೆರಿಗೆ ಕಟ್ಟುವವರದು ಒಂದು ಗುಂಪು, ಭತ್ಯೆ ಪಡೆಯುವವರದು ಇನ್ನೊಂದು ಗುಂಪು, ಮೊದಲನೆಯ ಗುಂಪು ಎರಡನೆಯದನ್ನು ಸಾಕುತ್ತಿದೆ ಎಂಬ ನಂಬಿಕೆ. ಇದು ಲೆಕ್ಕಕ್ಕೆ ನಿಲ್ಲುವುದಿಲ್ಲ. ಭತ್ಯೆ ಪಡೆಯುವ ಹುಡುಗ, ಹುಡುಗಿಯರು ತಿಂಗಳು ತಿಂಗಳೂ ತೆರಿಗೆ ಕಟ್ಟುತ್ತಾರೆ. ಅವರು ಕಟ್ಟಿದ್ದು ಅವರ ಹೆಸರಿನಲ್ಲಿ ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ, ಅಷ್ಟೇ ವ್ಯತ್ಯಾಸ.

ಮೊದಲು ಯೋಜನೆಯ ಸ್ವರೂಪ. 2024ರ ಜನವರಿ 12ರಂದು, ವಿವೇಕಾನಂದ ಜಯಂತಿಯ ದಿನ, ಶಿವಮೊಗ್ಗದಲ್ಲಿ ಯುವನಿಧಿಗೆ ಚಾಲನೆ ಸಿಕ್ಕಿತು. ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಮುಗಿಸಿದವರಿಗೆ 1,500 ರೂಪಾಯಿ. ಗರಿಷ್ಠ ಎರಡು ವರ್ಷ. ಕೆಲಸ ಸಿಕ್ಕರೆ, ಇಲ್ಲವೇ ಮುಂದಿನ ಓದಿಗೆ ಸೇರಿದರೆ ಭತ್ಯೆ ನಿಲ್ಲುತ್ತದೆ. ಇನ್ನೂ ನಿರುದ್ಯೋಗಿಯೇ ಎಂದು ಫಲಾನುಭವಿ ಕಾಲಕಾಲಕ್ಕೆ ಆನ್‌ಲೈನ್‌ನಲ್ಲಿ ಘೋಷಣೆ ಕೊಡುತ್ತಿರಬೇಕು.

ಈಗ ಆ 3,000 ರೂಪಾಯಿಯ ಹಿಂದೆ ಹೋಗೋಣ. ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿಯಿಂದ ಬಂದ ಬಿ.ಎ. ಪದವೀಧರನೊಬ್ಬನನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಹಣ ಖಾತೆಗೆ ಬಿದ್ದ ದಿನ ಅವನು ಮಾಡುವ ಮೊದಲ ಖರ್ಚು ಮೊಬೈಲ್ ರೀಚಾರ್ಜ್. ಅದಿಲ್ಲದೆ ಅಧಿಸೂಚನೆ ಕಾಣುವುದಿಲ್ಲ, ಅರ್ಜಿ ಹಾಕಲಾಗುವುದಿಲ್ಲ, ಭತ್ಯೆಗೆ ಬೇಕಾದ ಒಟಿಪಿ ಕೂಡ ಬರುವುದಿಲ್ಲ. 349 ರೂಪಾಯಿಯ ಒಂದು ರೀಚಾರ್ಜ್ ಎಂದರೆ ಅದರಲ್ಲಿ ಶೇ 18ರ ಜಿಎಸ್‌ಟಿ ಸೇರಿದೆ. ಒಳಗಿರುವ ತೆರಿಗೆ 53 ರೂಪಾಯಿ. ಸಾಬೂನು, ಹಲ್ಲುಜ್ಜುವ ಪೇಸ್ಟು, ತಲೆಗೆ ಎಣ್ಣೆ, ಶಾಂಪೂ ಎಲ್ಲ ಸೇರಿ 250 ರೂಪಾಯಿ ಎಂದುಕೊಂಡರೆ ಇನ್ನು 12 ರೂಪಾಯಿ. ಇದು 2025ರ ಸೆಪ್ಟೆಂಬರ್ 22ರಿಂದ ಈ ವಸ್ತುಗಳ ದರ ಶೇ 5ಕ್ಕೆ ಇಳಿದ ಮೇಲಿನ ಲೆಕ್ಕ. ಅದಕ್ಕೂ ಮೊದಲು ಶೇ 18 ಇತ್ತು, ಇದೇ 250 ರೂಪಾಯಿಯಲ್ಲಿ 38 ರೂಪಾಯಿ ಸರ್ಕಾರಕ್ಕೆ ಹೋಗುತ್ತಿತ್ತು. ಯುವನಿಧಿಯ ಮೊದಲ ತಂಡದವರು ಇಪ್ಪತ್ತು ತಿಂಗಳು ಸಾಬೂನಿನ ಮೇಲೂ ಶೇ 18 ಕಟ್ಟಿದ್ದಾರೆ ಎಂಬುದನ್ನು ಮರೆಯಬಾರದು.

ಇನ್ನು ಪೆಟ್ರೋಲ್. ಗೆಳೆಯನ ಬೈಕಿಗೆ ಪಾಲು ಹಾಕಿಕೊಂಡು, ತಿಂಗಳಿಗೆ 200 ರೂಪಾಯಿ ಎನ್ನೋಣ. ಪೆಟ್ರೋಲ್ ಜಿಎಸ್‌ಟಿಯ ಹೊರಗಿದೆ. ಅದರ ಮೇಲೆ ಕೇಂದ್ರದ ಅಬಕಾರಿ ಸುಂಕವೂ ರಾಜ್ಯದ ಮಾರಾಟ ತೆರಿಗೆಯೂ ಬೀಳುತ್ತವೆ. ಯುವನಿಧಿಯೂ ಸೇರಿದ ಐದು ಗ್ಯಾರಂಟಿ ಯೋಜನೆಗಳು ಜಾರಿಯಲ್ಲಿದ್ದಾಗಲೇ, 2024ರ ಜೂನ್‌ನಲ್ಲಿ, ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ತನ್ನ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿತು. ಎರಡೂ ಸೇರಿದರೆ 2025ರ ದರದಲ್ಲಿ ನೂರು ರೂಪಾಯಿಯ ಪೆಟ್ರೋಲಿನಲ್ಲಿ ಸುಮಾರು ನಲವತ್ತು ರೂಪಾಯಿ ತೆರಿಗೆಯೇ. ಅಂದರೆ ನಮ್ಮ ಪದವೀಧರನ 200ರಲ್ಲಿ 80 ರೂಪಾಯಿ.

ಇಲ್ಲಿಗೆ 145 ರೂಪಾಯಿ ಆಯಿತು. ಭತ್ಯೆಯ ಸುಮಾರು ಶೇ 5. ಅವನಿನ್ನೂ ಊಟ ಮಾಡಿಲ್ಲ.

ಊಟದ ತೆರಿಗೆ ಎಣಿಸುವುದು ಕಷ್ಟ. ಏಕೆಂದರೆ ಅದು ಕಾಣುವುದಿಲ್ಲ. ಜೋಳದ ರೊಟ್ಟಿ, ಪುಂಡಿ ಪಲ್ಯ, ಬೇಳೆ ಬಡಿಸುವ ಸಣ್ಣ ಖಾನಾವಳಿ ವರ್ಷಕ್ಕೆ 20 ಲಕ್ಷ ರೂಪಾಯಿಯೊಳಗಿನ ವಹಿವಾಟು ನಡೆಸುತ್ತಿದ್ದರೆ ಜಿಎಸ್‌ಟಿ ನೋಂದಣಿ ಬೇಕಿಲ್ಲ, ಗ್ರಾಹಕನಿಂದ ತೆರಿಗೆ ವಸೂಲಿ ಮಾಡುವಂತೆಯೂ ಇಲ್ಲ. ಹಾಗೆಂದು ಆ ತಟ್ಟೆ ತೆರಿಗೆಮುಕ್ತವಲ್ಲ. ಒಲೆ ಉರಿಸುವ ವಾಣಿಜ್ಯ ಸಿಲಿಂಡರಿಗೆ ಶೇ 18 ಜಿಎಸ್‌ಟಿ ಇದೆ. ಮನೆಯ ಸಿಲಿಂಡರಿಗೆ ಇರುವುದು ಶೇ 5. ಅಡುಗೆ ಎಣ್ಣೆಗೆ ಶೇ 5, ಸಕ್ಕರೆಗೆ, ಚಹಾ ಪುಡಿಗೆ ಶೇ 5. ಗಂಜ್ ಮಾರುಕಟ್ಟೆಯಿಂದ ಕಾಳು ಕಡಿ ಹೊತ್ತು ತರುವ ವಾಹನದ ಡೀಸೆಲ್‌ಗೆ ರಾಜ್ಯದ ತೆರಿಗೆ 2025ರ ಏಪ್ರಿಲ್‌ನಲ್ಲಿ ಶೇ 21.17ಕ್ಕೆ ಏರಿದೆ. ನೋಂದಣಿಯಾಗದ ಖಾನಾವಳಿಯವನು ತಾನು ಕಟ್ಟಿದ ಈ ತೆರಿಗೆಯನ್ನು ಯಾರಿಂದಲೂ ವಾಪಸು ಪಡೆಯಲಾರ. ಹೂಡುವಳಿ ತೆರಿಗೆ ಜಮೆ ಎಂಬ ಸೌಲಭ್ಯ ಅವನಿಗಿಲ್ಲ. ಹಾಗಾಗಿ ಅದನ್ನು ಊಟದ ದರದಲ್ಲೇ ಸೇರಿಸಿಕೊಳ್ಳುತ್ತಾನೆ. ಕೊನೆಗೆ ಕಟ್ಟುವವನು ಬೆಂಚಿನ ಮೇಲೆ ಕುಳಿತು ಉಣ್ಣುವ ಹುಡುಗ.

ಮನೆ ಬಾಡಿಗೆಯ ವಿಷಯದಲ್ಲಿ ಮಾತ್ರ ಸ್ವಲ್ಪ ಸಮಾಧಾನವಿದೆ. ವಾಸಕ್ಕೆ ಕೊಟ್ಟ ಮನೆಯ ಬಾಡಿಗೆಗೆ ಜಿಎಸ್‌ಟಿ ಇಲ್ಲ. ಹಾಸ್ಟೆಲ್‌ಗಳ ಮೇಲೆ ತೆರಿಗೆ ಬೀಳುತ್ತದೆಯೇ ಇಲ್ಲವೇ ಎಂಬ ಗೊಂದಲ ಬಹಳ ದಿನ ಇತ್ತು. 2024ರ ಜುಲೈನಿಂದ, ತಿಂಗಳಿಗೆ 20,000 ರೂಪಾಯಿಯವರೆಗಿನ, ಕನಿಷ್ಠ 90 ದಿನದ ವಾಸಕ್ಕೆ ವಿನಾಯಿತಿ ಸಿಕ್ಕಿದೆ. ಮುದ್ರಿತ ಪುಸ್ತಕಗಳಿಗೂ ತೆರಿಗೆ ಇಲ್ಲ. ನೋಟ್‌ಬುಕ್‌ಗಳ ತೆರಿಗೆಯನ್ನು 2025ರ ಸೆಪ್ಟೆಂಬರ್‌ನಲ್ಲಿ ತೆಗೆದುಹಾಕಿದ್ದಾರೆ.

ಆದರೆ ಪುಸ್ತಕಕ್ಕೆ ಕೊಟ್ಟ ರಿಯಾಯಿತಿಯನ್ನು ತರಬೇತಿ ಕೇಂದ್ರದಲ್ಲಿ ಕಿತ್ತುಕೊಳ್ಳಲಾಗುತ್ತದೆ. ಶಾಲೆ, ಕಾಲೇಜಿನ ಶುಲ್ಕಕ್ಕೆ ಜಿಎಸ್‌ಟಿ ಇಲ್ಲ, ಖಾಸಗಿ ಕೋಚಿಂಗ್‌ಗೆ ಶೇ 18 ಇದೆ. ನೋಂದಾಯಿತ ಕೇಂದ್ರವೊಂದರ ಶುಲ್ಕ 20,000 ರೂಪಾಯಿಯಾದರೆ ಅದರ ಮೇಲೆ 3,600 ರೂಪಾಯಿ ತೆರಿಗೆ. ಕೆಲಸವಿಲ್ಲವೆಂದು ಸರ್ಕಾರ ಕೊಟ್ಟ ಒಂದು ತಿಂಗಳ ಭತ್ಯೆಯೂ ಅದರ ಮೇಲೆ ಇನ್ನೂ ಆರು ನೂರೂ, ಕೆಲಸ ಹುಡುಕುವ ತಯಾರಿಗೆ ಹಾಕಿದ ತೆರಿಗೆಯಾಗಿ ಖಜಾನೆಗೆ ಹಿಂತಿರುಗುತ್ತವೆ. ಇದನ್ನು ನಾನು ಯಾವ ದಿಕ್ಕಿನಿಂದ ನೋಡಿದರೂ ಸಮರ್ಥಿಸಿಕೊಳ್ಳಲಾರೆ.

ಎರಡು ವರ್ಷಕ್ಕೆ ಕೂಡಿಸಿ ನೋಡಿ. ರೀಚಾರ್ಜ್, ಸಾಬೂನು, ಪೆಟ್ರೋಲ್ ಸೇರಿ ತಿಂಗಳಿಗೆ 145ರಂತೆ 3,480 ರೂಪಾಯಿ. ಒಂದು ಕೋಚಿಂಗ್‌ನ ತೆರಿಗೆ 3,600. ಒಟ್ಟು 7,080. ಎರಡು ವರ್ಷದ ಪೂರ್ಣ ಭತ್ಯೆ 72,000. ಹತ್ತಿರ ಹತ್ತಿರ ಹತ್ತನೇ ಒಂದು ಪಾಲು ಕಣ್ಣಿಗೆ ಕಾಣುವ ತೆರಿಗೆಯಾಗಿಯೇ ಮರಳಿತು. ಊಟ, ಬಟ್ಟೆ, ಚಪ್ಪಲಿ, ಔಷಧ ಇದರಲ್ಲಿ ಸೇರಿಲ್ಲ. ಅರ್ಜಿ ಶುಲ್ಕವೂ ಸೇರಿಲ್ಲ. ಅದು ತೆರಿಗೆಯಲ್ಲ ನಿಜ, ಆದರೆ ಅದನ್ನು ಪಡೆಯುವುದೂ ಸರ್ಕಾರದ ನೇಮಕಾತಿ ಸಂಸ್ಥೆಯೇ. ಕೆಪಿಎಸ್‌ಸಿಯ ಇತ್ತೀಚಿನ ಅಧಿಸೂಚನೆಗಳಲ್ಲಿ ಸಾಮಾನ್ಯ ವರ್ಗದವರಿಗೆ 600 ರೂಪಾಯಿ, ಪ್ರವರ್ಗ 2ಎ, 2ಬಿ, 3ಎ, 3ಬಿಯವರಿಗೆ 300 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡ ಹಾಗೂ ಪ್ರವರ್ಗ 1ರವರಿಗೆ ಶುಲ್ಕವಿಲ್ಲ, ಆದರೆ 35 ರೂಪಾಯಿ ಪ್ರಕ್ರಿಯಾ ಶುಲ್ಕ ಎಲ್ಲರಿಗೂ ಇದೆ. ಒಂದೇ ಅರ್ಜಿಗೆ ಯಾರೂ ನಿಲ್ಲುವುದಿಲ್ಲ. ಸಿಕ್ಕ ಸಿಕ್ಕ ಹುದ್ದೆಗೆಲ್ಲ ಅರ್ಜಿ ಹಾಕುವುದೇ ಇಲ್ಲಿನ ಬದುಕು.

‘ತೆರಿಗೆದಾರ’ ಎಂದು ಎದೆ ತಟ್ಟಿಕೊಳ್ಳುವವರ ಕಡೆಗೂ ಒಮ್ಮೆ ನೋಡಬೇಕು. 2025-26ರಿಂದ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ಆದಾಯ ತೆರಿಗೆ ಕಟ್ಟಬೇಕಿಲ್ಲ. ಸಂಬಳದಾರರಿಗೆ ನಿಗದಿತ ಕಡಿತ ಸೇರಿ ಅದು 12.75 ಲಕ್ಷದವರೆಗೆ ಹೋಗುತ್ತದೆ. ತಿಂಗಳಿಗೆ ಒಂದು ಲಕ್ಷ ಸಂಬಳ ಎಣಿಸುವವರು ಆದಾಯ ತೆರಿಗೆಯ ಮಟ್ಟಿಗೆ ಯುವನಿಧಿ ಪಡೆಯುವವರ ಸಾಲಿನಲ್ಲೇ ನಿಂತಿದ್ದಾರೆ: ಇಬ್ಬರದೂ ಸೊನ್ನೆ. ಆಮೇಲೆ ಇಬ್ಬರೂ ಕಟ್ಟುವುದು ಅಂಗಡಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಮೊಬೈಲಿನಲ್ಲಿ. ಅದೇ 349 ರೂಪಾಯಿಯ ರೀಚಾರ್ಜ್‌ಗೆ ಇಬ್ಬರೂ ಕಟ್ಟುವ ತೆರಿಗೆ 53 ರೂಪಾಯಿ. ಲಕ್ಷದ ಸಂಬಳದವನಿಗೆ ಅದು ಅವನ ಆದಾಯದ ಸಾವಿರದಲ್ಲಿ ಅರ್ಧ ಪಾಲು. ಭತ್ಯೆಯವನಿಗೆ ಸಾವಿರದಲ್ಲಿ ಹದಿನೇಳು ಪಾಲಿಗೂ ಮಿಗಿಲು. ಸಂಬಳದವನು ಸ್ವಲ್ಪ ಉಳಿಸುತ್ತಾನೆ, ಉಳಿಸಿದ್ದರ ಮೇಲೆ ಜಿಎಸ್‌ಟಿ ಬೀಳುವುದಿಲ್ಲ. ಭತ್ಯೆಯವನ ಕೈಯಲ್ಲಿ ತಿಂಗಳ ಕೊನೆಗೆ ಏನೂ ಉಳಿದಿರುವುದಿಲ್ಲ. ಬಂದದ್ದೆಲ್ಲ ಖರ್ಚಾಗುತ್ತದೆ, ಬಾಡಿಗೆ, ಪುಸ್ತಕ ಬಿಟ್ಟರೆ ಖರ್ಚಾದದ್ದೆಲ್ಲ ತೆರಿಗೆಯ ಜರಡಿಯಲ್ಲಿ ಹಾದು ಹೋಗುತ್ತದೆ.

ಪರೋಕ್ಷ ತೆರಿಗೆ ಬಡವರ ಮೇಲೆ ಭಾರವೆಂಬುದು ಅರ್ಥಶಾಸ್ತ್ರದ ಹಳೆಯ ಪಾಠ. ಅದನ್ನು ಭತ್ಯೆಯ ಚರ್ಚೆಗೆ ಜೋಡಿಸಲು ನಾವು ಮರೆಯುತ್ತೇವೆ. ಬೇರೆ ದೇಶಗಳಲ್ಲೂ ಈ ಚರ್ಚೆ ಇದೆ. ಬ್ರಿಟನ್ನಿನಲ್ಲಿ ಹೆಚ್ಚಿನ ಸರಕುಗಳ ಮೇಲೆ ಶೇ 20 ಮೌಲ್ಯವರ್ಧಿತ ತೆರಿಗೆ ಇದೆ, ನಿರುದ್ಯೋಗಿಯೂ ಅದನ್ನು ಕಟ್ಟುತ್ತಾನೆ. ಅಲ್ಲಿ ಕೆಲಸ ಹುಡುಕುವವರಿಗೆ ಕೊಡುವ ಭತ್ಯೆಯನ್ನೂ ಅಮೆರಿಕದಲ್ಲಿ ನಿರುದ್ಯೋಗ ಪರಿಹಾರವನ್ನೂ ತೆರಿಗೆಗೆ ಒಳಪಡುವ ಆದಾಯವೆಂದೇ ಎಣಿಸುತ್ತಾರೆ. ಆದರೂ ಭತ್ಯೆ ಪಡೆಯುವವರು ಏನೂ ಕೊಡುವುದಿಲ್ಲ ಎಂಬ ಮಾತು ಅಲ್ಲಿಯೂ ಸತ್ತಿಲ್ಲ.

ಹೀಗೆ ಮರಳುವ ತೆರಿಗೆ ಯಾರಿಗೆ ಸೇರುತ್ತದೆ ಎಂಬುದು ಇನ್ನೊಂದು ಮುಖ್ಯ ಸಂಗತಿ. ಯುವನಿಧಿಯ ಪೂರ್ತಿ ವೆಚ್ಚ ರಾಜ್ಯ ಸರ್ಕಾರದ್ದು. ಆದರೆ ರೀಚಾರ್ಜ್ ಮೇಲಿನ 53 ರೂಪಾಯಿಯಲ್ಲಿ ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. ಪೆಟ್ರೋಲಿನಲ್ಲಿಯೂ ಇಬ್ಬರ ಪಾಲಿದೆ. ಈ ಭತ್ಯೆಗೆ ಒಂದು ರೂಪಾಯಿಯನ್ನೂ ಕೊಡದ ಕೇಂದ್ರ ಸರ್ಕಾರಕ್ಕೂ ಕಲಬುರಗಿಯ ನಿರುದ್ಯೋಗಿ ತಿಂಗಳು ತಿಂಗಳೂ ಕೊಡುತ್ತಿದ್ದಾನೆ ಎಂದಾಯಿತು.

ಜಿಎಸ್‌ಟಿ ಬಳಕೆಯಾದ ರಾಜ್ಯಕ್ಕೆ ಸೇರುವ ತೆರಿಗೆ. ಸಾಬೂನು ಗುಜರಾತಿನಲ್ಲಿ ತಯಾರಾಗಿದ್ದರೂ ಯಾದಗಿರಿಯಲ್ಲಿ ಮಾರಾಟವಾದರೆ ರಾಜ್ಯದ ಪಾಲು ಕರ್ನಾಟಕಕ್ಕೇ. ನಮ್ಮ ಭಾಗಕ್ಕೆ ಇದರ ಅರ್ಥ ದೊಡ್ಡದು. ಬೀದರ್, ಕಲಬುರಗಿ, ಯಾದಗಿರಿಗಳಿಂದ ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋಗುವ ಕುಟುಂಬಗಳು ಅಲ್ಲಿ ಕೊಳ್ಳುವ ಎಣ್ಣೆ, ಸಾಬೂನು, ಬಟ್ಟೆಗಳ ತೆರಿಗೆಯಲ್ಲಿ ರಾಜ್ಯದ ಪಾಲು ಮಹಾರಾಷ್ಟ್ರ, ತೆಲಂಗಾಣಗಳಿಗೆ ಹೋಗುತ್ತದೆ. ಊರಿನಲ್ಲಿದ್ದು ಭತ್ಯೆ ಪಡೆಯುವ ಪದವೀಧರ ಖರ್ಚು ಮಾಡುವುದು ಇಲ್ಲಿನ ಖಾನಾವಳಿಯಲ್ಲಿ, ಇಲ್ಲಿನ ಜೆರಾಕ್ಸ್ ಅಂಗಡಿಯಲ್ಲಿ, ಇಲ್ಲಿನ ಕಿರಾಣಿಯಲ್ಲಿ. ಕಲಬುರಗಿಯಲ್ಲಿ ಕೋಣೆ ಬಾಡಿಗೆಗೆ ಕೊಟ್ಟು, ಮೆಸ್ ನಡೆಸಿ, ಪುಸ್ತಕ ಮಾರಿ ಬದುಕುವ ಎಷ್ಟೋ ಮನೆಗಳ ಸಂಸಾರ ಈ ಓದುವ ಮಕ್ಕಳ ಮೇಲೆ ನಿಂತಿದೆ. ಆ ಅಂಗಡಿಗಳ ವಹಿವಾಟಿನಿಂದ ಮತ್ತೆ ತೆರಿಗೆ ಹುಟ್ಟುತ್ತದೆ.

ಹಾಗಂತ ಲೆಕ್ಕವನ್ನು ಉಬ್ಬಿಸಿ ಹೇಳಬಾರದು. ನಿರುದ್ಯೋಗಿ ಕಟ್ಟುವ ತೆರಿಗೆಯಿಂದಲೇ ಯುವನಿಧಿ ನಡೆಯುತ್ತದೆ ಎಂದು ಯಾರಾದರೂ ವಾದಿಸಿದರೆ ಅದು ಸುಳ್ಳು. 3,000 ಪಡೆದು ಮುನ್ನೂರು ಮರಳಿಸಿದವನಿಗೆ 2,700 ಉಳಿಯಿತು, ಅದು ಬೇರೆಯವರಿಂದ ಬಂದ ಹಣವೇ. 2025-26ರ ರಾಜ್ಯ ಬಜೆಟ್‌ನಲ್ಲಿ ಐದು ಗ್ಯಾರಂಟಿಗಳಿಗೆ ಇಟ್ಟದ್ದು 51,034 ಕೋಟಿ ರೂಪಾಯಿ. ಇಷ್ಟು ದೊಡ್ಡ ಮೊತ್ತದ ಬಗ್ಗೆ ಪ್ರಶ್ನೆ ಕೇಳುವುದು ತಪ್ಪಲ್ಲ. ಯೋಜನೆ ಬೇಡ ಎನ್ನುವವರಿಗೂ ಹಾಗೆನ್ನಲು ಕಾರಣಗಳಿರಬಹುದು. ಆದರೆ ಪ್ರಶ್ನೆ ಕೇಳುವಾಗ ‘ನಮ್ಮ ಹಣ’ ಎಂಬಲ್ಲಿ ಆ ಹುಡುಗನನ್ನು ಹೊರಗಿಡಲು ಯಾರಿಗೂ ಹಕ್ಕಿಲ್ಲ. ಅದೇ ಬಜೆಟ್ಟಿನಲ್ಲಿ ಮದ್ಯದ ಮೇಲಿನ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 40,000 ಕೋಟಿ ರೂಪಾಯಿ. ಆ ದುಡ್ಡಿನಲ್ಲಿ ಕೂಲಿಯವರದು, ಕೆಲಸ ಕಳೆದುಕೊಂಡವರದು ಎಷ್ಟು ಪಾಲಿದೆ ಎಂದು ನಮ್ಮ ಹಳ್ಳಿಗಳ ಹೆಂಗಸರನ್ನು ಕೇಳಿದರೆ ತಿಳಿಯುತ್ತದೆ. ಇದನ್ನು ಕೊಡುಗೆ ಎಂದು ಹೊಗಳಲು ನನಗೆ ಮನಸ್ಸು ಬಾರದು. ಸಂಸಾರಗಳನ್ನು ಮುರಿದು ಬರುವ ಆದಾಯ ಅದು. ಆದರೂ ಖಜಾನೆ ಅದನ್ನು ನಂಬಿದೆ, ಯೋಜನೆಗಳು ಅದರ ಮೇಲೂ ನಿಂತಿವೆ.

ಭತ್ಯೆ ಎಂಬುದರಲ್ಲಿ ಇನ್ನೊಂದು ಬಗೆಯೂ ಇದೆ, ಅದರ ಬಗ್ಗೆ ನಮ್ಮಲ್ಲಿ ಮಾತೇ ಕಡಿಮೆ. ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯ ಕಾರ್ಮಿಕನ ಸಂಬಳದಿಂದ ಶೇ 0.75, ಮಾಲೀಕನಿಂದ ಶೇ 3.25 ವಂತಿಗೆ ಕಡಿತವಾಗುತ್ತದೆ. ಕೆಲಸ ಹೋದರೆ 2018ರ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಡಿ, ಷರತ್ತು ಪೂರೈಸಿದವರಿಗೆ, ಸರಾಸರಿ ಗಳಿಕೆಯ ಅರ್ಧದಷ್ಟು ಪರಿಹಾರ ಗರಿಷ್ಠ 90 ದಿನ ಸಿಗಬಹುದು. ಇದು ಅವರೇ ಕಟ್ಟಿದ ವಿಮೆ. ಸೇಡಂ, ವಾಡಿ, ಶಹಾಬಾದ್ ಕಡೆಯ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಸೇಡಂ ರಸ್ತೆಯ ದೊಡ್ಡ ಇಎಸ್‌ಐ ಆಸ್ಪತ್ರೆ ಗೊತ್ತು, ಈ ಪರಿಹಾರದ ಬಗ್ಗೆ ಗೊತ್ತಿರುವವರು ಕಡಿಮೆ. ಕಾರ್ಮಿಕ ಸಂಘಗಳು ಇದನ್ನು ಬಾಗಿಲು ಬಾಗಿಲಿಗೆ ಹೇಳಬೇಕು.

ಇನ್ನು, ಇವರು ಯಾಕೆ ಇಷ್ಟು ದಿನ ಕಾಯುತ್ತಿದ್ದಾರೆ ಎಂಬ ಪ್ರಶ್ನೆ. ಕಾಯಿಸಿದ್ದು ಬಹುಪಾಲು ಸರ್ಕಾರವೇ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಅಕ್ರಮದ ಮೊದಲ ಎಳೆ ಸಿಕ್ಕಿದ್ದು ಕಲಬುರಗಿಯಲ್ಲೇ. 2022ರ ಏಪ್ರಿಲ್‌ನಲ್ಲಿ ಪರೀಕ್ಷೆ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದವರು ಎರಡು ವರ್ಷಕ್ಕೂ ಹೆಚ್ಚು ಕಾಲ ಅದೇ ಪಠ್ಯವನ್ನು ಮತ್ತೆ ಮತ್ತೆ ಓದಿದರು. ಆ ಎರಡು ವರ್ಷ ಕೋಣೆ, ಊಟ, ರೀಚಾರ್ಜ್, ಕೋಚಿಂಗ್ ಎಲ್ಲಕ್ಕೂ ಖರ್ಚು ಮಾಡಿದರು, ತೆರಿಗೆಯನ್ನೂ ಕಟ್ಟಿದರು. ಇನ್ನೊಂದು ತಡೆ 2024ರ ಅಕ್ಟೋಬರ್‌ನಲ್ಲಿ ಬಂತು. ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡವೆಂದು ಸಚಿವ ಸಂಪುಟ ನಿರ್ಧರಿಸಿತು. ತೀರ್ಮಾನ ಬಂದದ್ದು 2025ರ ಆಗಸ್ಟ್‌ನಲ್ಲಿ. ಒಳಮೀಸಲಾತಿ ನ್ಯಾಯದ ಬೇಡಿಕೆ, ಅದು ಬಂದದ್ದು ಸರಿಯೇ. ಆದರೆ ಆ ಹತ್ತು ತಿಂಗಳ ಬೆಲೆಯನ್ನು ತೆತ್ತವರು ಓದುತ್ತಿದ್ದ ಮಕ್ಕಳು. ವಯೋಮಿತಿ ಕಾಯುವುದಿಲ್ಲ.

ಕಲ್ಯಾಣ ಕರ್ನಾಟಕಕ್ಕೆ 371ಜೆ ಇದೆ. ಸಂವಿಧಾನದ 98ನೇ ತಿದ್ದುಪಡಿಯ ಮೂಲಕ ಬಂದ ಈ ವಿಧಿಯಡಿ ಇಲ್ಲಿನ ಹುದ್ದೆಗಳಲ್ಲಿ ಬಹುಪಾಲು ಸ್ಥಳೀಯರಿಗೆ ಮೀಸಲು, ರಾಜ್ಯಮಟ್ಟದ ಕಚೇರಿಗಳ ಹುದ್ದೆಗಳಲ್ಲಿ ಶೇ 8 ಮೀಸಲು. ಅರ್ಹತಾ ಪ್ರಮಾಣಪತ್ರ ಹಿಡಿದು ಕಾಯುವವರಿದ್ದಾರೆ. ಶಾಲೆಗಳಲ್ಲಿ ಅತಿಥಿ ಶಿಕ್ಷಕರು, ಕಚೇರಿಗಳಲ್ಲಿ ಹೊರಗುತ್ತಿಗೆ ನೌಕರರು ಆ ಜಾಗಗಳನ್ನು ತುಂಬುತ್ತಿದ್ದಾರೆ. ಖಾಲಿ ಹುದ್ದೆಯನ್ನು ಖಾಲಿ ಇಟ್ಟು ಸರ್ಕಾರ ಉಳಿಸುವ ಸಂಬಳಕ್ಕೂ ಆ ಹುದ್ದೆಗೆ ಅರ್ಹನಾದ ಯುವಕನಿಗೆ ಕೊಡುವ 3,000ಕ್ಕೂ ಇರುವ ಅಂತರ ಎಷ್ಟು ಎಂದು ಒಮ್ಮೆ ಯೋಚಿಸಿ. ಆ ಅಂತರವೂ ಒಂದರ್ಥದಲ್ಲಿ ನಿರುದ್ಯೋಗಿಗಳಿಂದ ಖಜಾನೆಗೆ ಸಿಕ್ಕಿದ್ದೇ.

2024ರ ಜನವರಿಯಲ್ಲಿ ಮೊದಲ ಕಂತು ಪಡೆದವರ ಎರಡು ವರ್ಷದ ಅವಧಿ 2025ರ ಕೊನೆಗೇ ಪೂರ್ತಿಯಾಗಿದೆ. ಅವರಲ್ಲಿ ಕೆಲಸ ಸಿಗದವರಿಗೆ ಭತ್ಯೆ ನಿಂತಿದೆ, ರೀಚಾರ್ಜ್ ಮೇಲಿನ ಶೇ 18 ನಿಂತಿಲ್ಲ. ಮನೆಯಲ್ಲಿ ತೊಗರಿ ಮಾರಿದ ದುಡ್ಡಿನಿಂದಲೋ ತಾಯಿಗೆ ಬರುವ ಗೃಹಲಕ್ಷ್ಮಿಯ 2,000 ರೂಪಾಯಿಯಿಂದಲೋ ಈಗ ಅದನ್ನು ಕಟ್ಟುತ್ತಿದ್ದಾರೆ. ಇಂದು ಭತ್ಯೆಯೂ ಇಲ್ಲದೆ ಕೆಲಸವೂ ಇಲ್ಲದೆ ತೆರಿಗೆ ಕಟ್ಟುವ ಅವರು ಸರ್ಕಾರದಿಂದ ಪಡೆಯುವುದು ಏನು?

ಕೂಡಲೇ ಮಾಡಬಹುದಾದ ಕೆಲಸಗಳಿವೆ. ಯುವನಿಧಿಯಲ್ಲಿ ನೋಂದಾಯಿಸಿಕೊಂಡವರ ಪಟ್ಟಿ ಸರ್ಕಾರದ ಗಣಕದಲ್ಲೇ ಇದೆ. ಭತ್ಯೆ ಪಡೆಯುತ್ತಿರುವವರಿಗೂ ಅವಧಿ ಮುಗಿದು ಕೆಲಸ ಸಿಗದವರಿಗೂ ಕೆಪಿಎಸ್‌ಸಿ ಮತ್ತು ಇತರ ನೇಮಕಾತಿಗಳ ಅರ್ಜಿ ಶುಲ್ಕವನ್ನು ಪ್ರಕ್ರಿಯಾ ಶುಲ್ಕದ ಸಮೇತ ಮನ್ನಾ ಮಾಡಲು ಒಂದು ಆದೇಶ ಸಾಕು. ಕೋಚಿಂಗ್ ಮೇಲಿನ ಶೇ 18ನ್ನು ಇಳಿಸುವುದು ಜಿಎಸ್‌ಟಿ ಮಂಡಳಿಯ ಕೈಯಲ್ಲಿದೆ, ಅಲ್ಲಿ ಕರ್ನಾಟಕದ ಪ್ರತಿನಿಧಿ ಕುಳಿತುಕೊಳ್ಳುತ್ತಾರೆ. ಸಾಬೂನಿಗೆ ಸಾಧ್ಯವಾದದ್ದು ಪಾಠಕ್ಕೂ ಸಾಧ್ಯವಾಗಬೇಕು. ಕಲಬುರಗಿ, ಬೀದರ್, ಯಾದಗಿರಿಗಳಲ್ಲಿ 371ಜೆ ಅಡಿ ಖಾಲಿ ಇರುವ ಹುದ್ದೆಗಳ ಪಟ್ಟಿಯನ್ನು ಇಲಾಖೆವಾರು ಪ್ರಕಟಿಸಿ, ಪ್ರತಿ ಪರೀಕ್ಷೆಗೂ ದಿನಾಂಕ ನಿಗದಿ ಮಾಡಿ, ಆ ದಿನಾಂಕ ತಪ್ಪಿದರೆ ತಪ್ಪಿದಷ್ಟು ತಿಂಗಳು ಅಭ್ಯರ್ಥಿಗಳ ವಯೋಮಿತಿಯನ್ನೂ ಭತ್ಯೆಯನ್ನೂ ವಿಸ್ತರಿಸುವ ನಿಯಮ ಬರಬೇಕು.